ಮ್ಯಾಂಡರಿನ್ ಮೀನು ಕಾಳಿನ ಆಹಾರವನ್ನು ಮುಟ್ಟುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ಚಿಂತಾಮಣಿಯಿಂದ)

ಇತ್ತೀಚೆಗೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಸಜ್ಜುಗೊಳಿಸಿ, ಬೆಂಗಳೂರಿನಿಂದ ಮ್ಯಾಂಡರಿನ್ ಮೀನೊಂದನ್ನು ತಂದಿದ್ದೇವೆ. ಅದು ಈಜುವುದಕ್ಕಿಂತ ಕಲ್ಲುಗಳ ಸಂದಿಯಲ್ಲಿ ಸುಳಿದಾಡುವುದೇ ಹೆಚ್ಚು. ಹಾಕಿದ ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೊಟ್ಟೆ ಒಳಸೇರಿದಂತೆ ಕಾಣುತ್ತಿದೆ. ನಮ್ಮದು ಫ್ಲೋರೈಡ್ ಇರುವ ಕೊಳವೆಬಾವಿಯ ಗಡಸು ನೀರಾದ್ದರಿಂದ, ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿದ ಮೇಲೆಯೇ ಸಮುದ್ರದ ಉಪ್ಪಿನ ಮಿಶ್ರಣವನ್ನು ಬೆರೆಸಿದ್ದೇವೆ. ಆದರೂ ನೀರಿನಲ್ಲೇ ದೋಷವಿರಬಹುದೇ?

ಉತ್ತರ (ತುಮಕೂರಿನಿಂದ)

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನೀರಿಗಿಂತ ಹಸಿವೇ ಕಾರಣವೆಂದು ತೋರುತ್ತದೆ. ಜಪಾನಿನ ರ್‍ಯುಕ್ಯು ದ್ವೀಪಗಳಿಂದ ಆಸ್ಟ್ರೇಲಿಯಾದವರೆಗಿನ ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ, ದಡಕ್ಕೆ ಹತ್ತಿರದ ಹವಳದ ದಿಬ್ಬಗಳ ತಳದಲ್ಲಿ ಬದುಕುವ ಈ ಮೀನು, ಸುಮಾರು ಆರೇಳು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ. ಬಾಯಿಯೂ ಅಷ್ಟೇ ಚಿಕ್ಕದು. ಕಲ್ಲಿಗೆ ಅಂಟಿಕೊಂಡಿರುವ ಕೋಪೆಪಾಡ್‌ಗಳಂತಹ ಸೂಕ್ಷ್ಮ ಕಠಿಣಚರ್ಮಿಗಳನ್ನು ಒಂದೊಂದಾಗಿ ಹೆಕ್ಕುತ್ತ ಹಗಲಿಡೀ ಮೇಯುವುದು ಅದರ ಸ್ವಭಾವವಾದ್ದರಿಂದ, ದಿನಕ್ಕೆರಡು ಹೊತ್ತು ಉಣಿಸುವ ಪದ್ಧತಿ ಅದಕ್ಕೆ ಒಗ್ಗುವುದಿಲ್ಲ. ಹೊಸ ತೊಟ್ಟಿಯ ಕಲ್ಲುಗಳಲ್ಲಿ ಈ ಜೀವಿಗಳು ಸಾಕಷ್ಟು ಹುಟ್ಟಿರುವುದಿಲ್ಲ. ಇದ್ದ ಅಲ್ಪಸ್ವಲ್ಪವೂ ಬೇಗ ಮುಗಿದುಹೋಗುತ್ತದೆ. ಅಂಗಡಿಯವರು ಮಾರುವ ಮುನ್ನ ಇದನ್ನು ತಿಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರ (ಕೋಲಾರದಿಂದ)

ಮೇಲಿನ ಮಾತು ಸರಿ. ಜೊತೆಗೆ ಇನ್ನೊಂದು ಮೀನು ತರುವ ಯೋಚನೆಯಿದ್ದರೆ, ಎರಡು ಗಂಡುಗಳನ್ನು ಒಟ್ಟಿಗೆ ಬಿಡಬೇಡಿ, ಕಾದಾಡುತ್ತವೆ. ಬೆನ್ನಿನ ಮುಂದಿನ ರೆಕ್ಕೆಯ ಮೊದಲ ಮುಳ್ಳು ಉದ್ದವಾಗಿರುವುದೇ ಗಂಡಿನ ಗುರುತು. ಮುಸ್ಸಂಜೆಯಲ್ಲಿ ಗಂಡು ಹೆಣ್ಣುಗಳು ಮೈಗೆ ಮೈ ತಾಗಿಸಿಕೊಂಡು ತಳದಿಂದ ನಿಧಾನವಾಗಿ ಮೇಲೇರಿ, ಮೊಟ್ಟೆಗಳನ್ನು ನೀರಿಗೆ ಬಿಟ್ಟು, ತಟ್ಟನೆ ಕೆಳಗಿಳಿದು ಮರೆಯಾಗುತ್ತವೆ. ತೇಲುವ ಆ ಮೊಟ್ಟೆಗಳನ್ನು ಅವು ಕಾಯುವುದಿಲ್ಲ. ಅಂದ ಹಾಗೆ, ಹೆಚ್ಚಿನ ಪ್ರಾಣಿಗಳಲ್ಲಿ ನೀಲಿ ಕಾಣುವುದು ಬೆಳಕಿನ ಪ್ರತಿಫಲನದಿಂದ; ಈ ಮೀನಿನ ಚರ್ಮಕೋಶಗಳಲ್ಲಾದರೋ ನಿಜವಾದ ನೀಲಿ ವರ್ಣದ್ರವ್ಯವೇ ಇದೆ. ಹುರುಪೆಯಿಲ್ಲದ ಮೈಯನ್ನು ವಾಸನೆಯುಳ್ಳ ದಪ್ಪ ಲೋಳೆ ಕಾಪಾಡುವುದರಿಂದ ಅದನ್ನು ಬರಿಗೈಯಲ್ಲಿ ಹಿಡಿದು ಉಜ್ಜಬಾರದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಈಗ ತಕ್ಷಣಕ್ಕೆ ಏನನ್ನು ಉಣಿಸಬಹುದು?

ಉತ್ತರ (ತುಮಕೂರಿನಿಂದ)

ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಗಾಳಿಯಾಡಿಸಿ ಬೆಚ್ಚಗಿಟ್ಟರೆ ಸುಮಾರು ಒಂದು ದಿನದಲ್ಲಿ ಮರಿಗಳು ಹೊರಬರುತ್ತವೆ. ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ಮರಿಗಳನ್ನು ಪಿಪೆಟ್‌ನಿಂದ ಮೀನಿನ ಮುಂದೆಯೇ ಬಿಡಿ. ದಿನಕ್ಕೆ ಹಲವು ಬಾರಿ ಹೀಗೆ ಮಾಡಬೇಕಾಗುತ್ತದೆ. ಅದರೊಂದಿಗೆ ಜೀವಂತ ಕೋಪೆಪಾಡ್‌ಗಳನ್ನು ತರಿಸಿ, ಬೇರೆ ಮೀನು ತಲುಪದ ಪುಟ್ಟ ಪಕ್ಕದ ತೊಟ್ಟಿಯಲ್ಲಿ ಪಾಚಿಯ ನಡುವೆ ಬೆಳೆಸಿ. ಅದೇ ಆಹಾರಕ್ಕೆ ಪೈಪೋಟಿ ನೀಡುವ ರಾಸ್ ಮೀನುಗಳು ನಿಮ್ಮಲ್ಲಿದ್ದರೆ ಅವನ್ನು ಬೇರೆಡೆಗೆ ಸಾಗಿಸುವುದು ಒಳ್ಳೆಯದು. ಇಷ್ಟಾದರೂ ಹೊಟ್ಟೆ ತುಂಬಿಕೊಳ್ಳದಿದ್ದರೆ, ಹಳೆಯ ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗಳಿಗೆ ಮೀನನ್ನು ಒಪ್ಪಿಸಿಬಿಡಿ.