ಒಸೈರಿಸ್ ವಾಪಸ್ ಬರಲೇ ಇಲ್ಲ, ಮತ್ತೆ ಅದು ಮರುಹುಟ್ಟಿನ ಕಥೆ ಹೇಗೆ?

ಉಡುಪಿಯ ಮಿಡಿ:
ಅಮ್ಮ ಹೋಗಿ ಎಂಟು ತಿಂಗಳಾಯಿತು. ಬೊಜ್ಜ (ಉತ್ತರಕ್ರಿಯೆ) ಮುಗಿದ ಮಾರನೇ ದಿನದಿಂದ ಎಲ್ಲರದ್ದೂ ಒಂದೇ ಮಾತು, "ಇನ್ನು ಮೊದಲಿನ ಹಾಗೆ ಇರು ಮಾರಾಯ್ತಿ". ಸುಮ್ನೆ ತಲೆ ಆಡಿಸುತ್ತೇನೆ. ಈ ನಡುವೆ ಈಜಿಪ್ಟಿನ ದೇವತೆ ಐಸಿಸ್ ಕಥೆ ಓದಿದೆ. ಗಂಡ ಒಸೈರಿಸ್‌ನನ್ನು ಅವನ ತಮ್ಮ ಸೆತ್ ಕೊಂದು, ಕಡಿದು 14 ತುಂಡು ಮಾಡಿ ಎಸೆಯುತ್ತಾನೆ. ಇವಳು ನೈಲ್ ಉದ್ದಕ್ಕೂ ಅಲೆದು ಒಂದೊಂದೇ ತುಂಡು ಹುಡುಕಿ ತರುತ್ತಾಳೆ. ಒಂದು ಮಾತ್ರ ಸಿಗುವುದಿಲ್ಲ, ಅದನ್ನು ಮೀನು ತಿಂದಿರುತ್ತದೆ. ಅಲ್ಲಿಗೆ ನಿಂತುಬಿಟ್ಟೆ.

ಯಾಕೆಂದರೆ ನಾನೂ ಈಗ ಅದೇ ಕೆಲಸದಲ್ಲಿದ್ದೇನೆ. ಅಮ್ಮನ ಮಿಡಿ ಉಪ್ಪಿನಕಾಯಿಯ ಅಳತೆ ಎಲ್ಲೂ ಬರೆದಿಟ್ಟಿಲ್ಲ. ಉಪ್ಪಿನ ಲೆಕ್ಕ ಚಿಕ್ಕಮ್ಮ ಹೇಳಿದರು, ಮೆಣಸಿನದ್ದು ಪಕ್ಕದ ಮನೆಯವರು, ಅರಶಿನ ನನಗೇ ನೆನಪಿದೆ. ಸಾಸಿವೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಷ್ಟೆಲ್ಲ ಮಾಡಿದರೂ ಒಸೈರಿಸ್ ಮನೆಗೆ ಬರುವುದಿಲ್ಲ, ಪಾತಾಳದಲ್ಲೇ ಉಳಿಯುತ್ತಾನೆ. ಮತ್ತೆ ಇದನ್ನು ಮರುಹುಟ್ಟಿನ ಕಥೆ ಅಂತ ಯಾಕೆ ಹೇಳುತ್ತಾರೆ?

ತಲೆಹರಟೆ ಮೇಷ್ಟ್ರು, ಮಂಗಳೂರು:
ಮೊದಲು ಒಂದು ತಕರಾರು, ಬೇಜಾರು ಮಾಡಬೇಡಿ. ಮೀನು ತಿಂದ ಕಥೆ ಬರುವುದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದ ರೂಪದಲ್ಲಿ. ಈಜಿಪ್ಟಿನವರ ಹಳೇ ಬರಹಗಳಲ್ಲಿ ಕಥೆ ಒಂದೇ ಕಡೆ ಪೂರ್ತಿ ಸಿಗುವುದಿಲ್ಲ, ಅಲ್ಲಲ್ಲಿ ಚೂರು ಚೂರು. ಅವರಿಗೆ ಇದು ಸಮಾಧಾನ ಹೇಳುವ ಕಥೆಗಿಂತ ಜಾಸ್ತಿ ರಾಜ್ಯದ ವಿಷಯ ಆಗಿತ್ತು. ಸತ್ತ ರಾಜ ಒಸೈರಿಸ್, ಪಟ್ಟಕ್ಕೆ ಕೂತವ ಅವನ ಮಗ ಹೋರಸ್. ಈಗಿನವರು ಎಲ್ಲದಕ್ಕೂ "ನಿಮ್ಮೊಳಗಿನ ಐಸಿಸ್" ಅಂತ ಹಚ್ಚುವುದು ನೋಡಿದರೆ ನನಗೆ ಮೈ ಉರಿಯುತ್ತದೆ. ನೀವು ಹಾಗೆ ಕೇಳಿಲ್ಲ ಬಿಡಿ.

ಮಲ್ಪೆ ಬಂದರ್:
ಮೇಷ್ಟ್ರೇ, ಆ ಮೀನಿನ ವಿಷಯ ಬಿಡಬೇಡಿ, ಅದು ನಮ್ಮ ಊರಿಗೇ ಬರುತ್ತದೆ! ಆ ಮೀನಿನ ಹೆಸರೇ ಈಜಿಪ್ಟಿನ ಒಂದು ಪಟ್ಟಣಕ್ಕೆ, ಆಕ್ಸಿರಿಂಕಸ್. ಅಲ್ಲಿನ ಹಳೇ ಕಸದ ರಾಶಿ ಅಗೆದಾಗ ರಾಶಿಗಟ್ಟಲೆ ಪಪೈರಸ್ ಹಾಳೆ ಸಿಕ್ಕಿತು. ಅದರಲ್ಲಿ 413ನೇ ನಂಬರಿನದ್ದು ಒಂದು ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡ ಅಂತ 1904ರಲ್ಲೇ ಜರ್ಮನ್ ಶಾಸನತಜ್ಞ ಹುಲ್ಟ್ಶ್ ಹೇಳಿದ್ದರು, ಆಮೇಲೆ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಮಲ್ಪೆಯ ಹೆಸರೂ ಅದರಲ್ಲಿದೆ ಅಂತ ವಾದ ಇದೆ, ಒಪ್ಪದವರೂ ಇದ್ದಾರೆ. ಕಸ ಅಂತ ಎಸೆದದ್ದು ಅಷ್ಟು ವರ್ಷ ಉಳಿಯಿತು ನೋಡಿ. ಅಮ್ಮನ ಹಳೇ ಸಾಮಾನಿನ ಚೀಟಿಗಳಿದ್ದರೆ ಬಿಸಾಡಬೇಡಿ. ಅಂಗಡಿ ಲೆಕ್ಕದಲ್ಲಿ ಸಾಸಿವೆ ಇರಬಹುದು.

ಮೂಲ್ಕಿ ಗದ್ದೆ ಬದಿ:
ಪ್ರಶ್ನೆಗೆ ಬರುತ್ತೇನೆ. ನನಗೂ ಮೊದಲು ಹಾಗೇ ಅನಿಸಿತ್ತು, ಬಾರದವನ ಕಥೆ ಎಂಥ ಮರುಹುಟ್ಟು ಅಂತ. ನಮ್ಮ ಬಲೀಂದ್ರನಾದರೂ ದೀಪಾವಳಿಗೆ "ಕೂ" ಅಂತ ಕರೆದರೆ ಗದ್ದೆಗೆ ಬಂದು ಹೋಗುತ್ತಾನೆ, ಇವನಿಗೆ ಅದೂ ಇಲ್ಲ ಅಲ್ವಾ.

ಆದರೆ ಅವರ ಸೂರ್ಯನ ಕಥೆಯನ್ನು ಇದರ ಪಕ್ಕ ಇಟ್ಟು ಓದಿ. ರಾತ್ರಿಗೆ 12 ತಾಸು, ಸೂರ್ಯದೇವ ರಾ ದೋಣಿಯಲ್ಲಿ ಪಾತಾಳ ದಾಟಬೇಕು. ಮುಳುಗುವಾಗ ಅವನು ಮುದುಕ, ಸುಸ್ತಾದವ. ನಟ್ಟನಡು ರಾತ್ರಿ, ಕತ್ತಲು ಜಾಸ್ತಿ ಇರುವ ಕಡೆ, ಅವನು ಒಸೈರಿಸ್ ಜೊತೆ ಒಂದಾಗುತ್ತಾನೆ. ಅಲ್ಲಿಂದ ಬಲ ತೆಗೆದುಕೊಂಡು ಬೆಳಿಗ್ಗೆ ಖೆಪ್ರಿ ಆಗಿ, ಅಂದರೆ ಸಗಣಿ ಉರುಳಿಸುವ ಹುಳದ ರೂಪದಲ್ಲಿ ಏಳುತ್ತಾನೆ. ಸತ್ತವ ಮೇಲೆ ಬರುವುದಿಲ್ಲ, ಬದುಕಿದವನೇ ಕೆಳಗೆ ಹೋಗಿ ಬರುವುದು. ಅದೂ ಒಂದು ಸಲ ಅಲ್ಲ, ದಿನಾ ರಾತ್ರಿ. ಎಂಟು ತಿಂಗಳಾದರೂ ಅಳು ಬರುತ್ತದೆ ಅಂತ ನಾಚಿಕೆ ಪಡುವವರಿಗೆ ಇದನ್ನೇ ಹೇಳುತ್ತೇನೆ.

ಇನ್ನೊಂದು. ಈಜಿಪ್ಟಿನ ರಾಜ ಟುಟಂಖಾಮುನ್ ಗೋರಿಯಲ್ಲಿ ಒಸೈರಿಸ್ ಆಕಾರದ ಮರದ ಚೌಕಟ್ಟು ಸಿಕ್ಕಿತ್ತು. ಅದರಲ್ಲಿ ನೈಲ್ ಮಣ್ಣು ತುಂಬಿ ಧಾನ್ಯ ಬಿತ್ತಿದ್ದರು. ಮೊಳಕೆ ಬಂದ ಮೇಲೆ ಬಟ್ಟೆ ಸುತ್ತಿ ಒಳಗಿಟ್ಟದ್ದು. ಕತ್ತಲಲ್ಲಿ, ಯಾರೂ ನೋಡದ ಕಡೆ! ನಾನು ಅಪ್ಪ ಹೋದ ವರ್ಷ ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಗದ್ದೆ ಹಡೀಲು (ಬೀಳು) ಬಿಡುವುದು ಅಂತಿದ್ದೆ. ಮಾವ ಬೈದು ನೇಜಿ ಹಾಕಿಸಿದರು. ದುಃಖ ಏನೂ ಕಮ್ಮಿ ಆಗಲಿಲ್ಲ. ಅಕ್ಕಿ ಮಾತ್ರ ಆಯಿತು.

ಉಡುಪಿಯ ಮಿಡಿ:
ಹೋಗಿ ಬರುವುದು ಅಂದಿರಲ್ಲ, ಅದು ನನಗೆ ಸಾಕು. ಬಂದರ್ ಅವರೇ, ಡಬ್ಬದ ಅಡಿಯಲ್ಲಿ ನಾಲ್ಕು ಚೀಟಿ ಸಿಕ್ಕಿತು. ಸಾಸಿವೆ ಕಾಲು ಕೆಜಿ ಅಂತಿದೆ, ಆದರೆ ಅದು ಉಪ್ಪಿನಕಾಯಿಗೋ ತಿಂಗಳ ಒಗ್ಗರಣೆಗೋ ದೇವರಿಗೇ ಗೊತ್ತು. ನಿನ್ನೆ ಮಿಡಿ ತಂದು ಉಪ್ಪಿಗೆ ಹಾಕಿದ್ದೇನೆ. ಸುರುಟಲು ಇನ್ನೂ ದಿನ ಬೇಕು, ಅಷ್ಟರೊಳಗೆ ಒಂದು ಅಂದಾಜು ಮಾಡಬೇಕು.