ಅಪ್‌ಡೇಟ್: ಖಾನಾಪುರದ ಆ ಬಣ್ಣದ ಹಕ್ಕಿಯ ಗುರುತು ಸಿಕ್ಕಿತು

ಮನೆಯ ಹಿಂದಿನ ಮರಗಳ ನಡುವೆ ಸಂಜೆ ಸಿಳ್ಳೆ ಹಾಕುವ ಹಕ್ಕಿ ಯಾವುದೆಂದು ಹೋದ ವಾರ ಕೇಳಿದ್ದೆನಲ್ಲ, ಅದು ನವರಂಗ! ರೆಕ್ಕೆಯ ನೀಲಿ ಎಂದೊಡನೆ ಮಿಂಚುಳ್ಳಿ ಎಂದವರನ್ನು ನಂಬಿ ಎರಡು ದಿನ ಹಳ್ಳದ ದಂಡೆಯಲ್ಲಿ ಕುಳಿತದ್ದು ದಂಡ, ಸೊಳ್ಳೆಗಳಿಗೆ ಹಬ್ಬವಾಯಿತು. ಮೊಬೈಲಿನಲ್ಲಿ ದನಿ ಹಿಡಿಯಲು ಹೋದರೆ ಪಕ್ಕದ ಮನೆಯ ನಾಯಿಯದೇ ಕಛೇರಿ. ಫಲಿಸಿದ್ದು ‘ಕೊಂಬೆ ಬಿಡಿ, ತರಗೆಲೆ ನೋಡಿ’ ಎಂಬ ಸಲಹೆ. ಮಾವಿನ ಮರದ ಕೆಳಗೆ ಎಲೆ ತಿರುವಿ ಹಾಕುತ್ತ ಕುಪ್ಪಳಿಸುತ್ತಿತ್ತು: ಹಸಿರು ಬೆನ್ನು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ, ಮೋಟು ಬಾಲದ ಅಡಿಯಲ್ಲಿ ಕುಂಕುಮ ಚೆಲ್ಲಿದಂತೆ ಕೆಂಪು. ಕತ್ತು ಹಿಂದಕ್ಕೆ ಎಸೆದು ‘ವ್ಹೀಟ್–ಟ್ಯೂ’ ಎಂದು ಎರಡೇ ಸ್ವರ. ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎನ್ನುತ್ತಾರಂತೆ. ನಮ್ಮದು ಐದೂ ಮುಕ್ಕಾಲಕ್ಕೇ ಶುರು. ಚಳಿಗಾಲದ ಅತಿಥಿಯಂತೆ, ಮಳೆಗಾಲಕ್ಕೆ ಮುನ್ನ ಉತ್ತರಕ್ಕೆ ಮರಳುತ್ತದೆ.