ಮನರೋಲಾದಿಂದ ತಂದ ಬಿಳಿ ವೈನ್ ಧಾರವಾಡದಲ್ಲಿ ಏಕೆ ಸಪ್ಪೆಯಾಯಿತು?

ಪ್ರಶ್ನೆ

ಮಗ ಇಟಲಿಯ ಜಿನೋವಾದಲ್ಲಿ ಓದುತ್ತಿದ್ದಾನೆ. ಕಳೆದ ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಹೋಗಿದ್ದಾಗ ಸಮುದ್ರದ ದಡದ ಚಿಂಕ್ವೆ ತೆರ್ರೆಯ ಐದು ಊರುಗಳನ್ನು ತೋರಿಸಿದ. ಮನರೋಲಾದಲ್ಲಿ ಸಮುದ್ರದ ಮೇಲಿನ ಒಂದು ಸಣ್ಣ ಹೋಟೆಲಿನಲ್ಲಿ ಅಲ್ಲಿಯದೇ ಬಿಳಿ ವೈನ್ ಕೊಟ್ಟರು. ನನ್ನ ಜೀವನದ ಮೊದಲ ಗುಟುಕು ಅದು. ನಿಂಬೆಯ ಸಿಪ್ಪೆಯ ವಾಸನೆ, ಕೊನೆಗೆ ನಾಲಿಗೆಯ ತುದಿಯಲ್ಲಿ ಸ್ಪಷ್ಟವಾಗಿ ಉಪ್ಪು. ಮನೆಯವರಿಗೂ ಹಾಗೆಯೇ ಅನಿಸಿತು. ಅದೇ ಬಾಟಲಿಯೊಂದನ್ನು ಕೊಂಡು ತಂದೆವು. ಮದುವೆಯಾಗಿ 35 ವರ್ಷ ತುಂಬಿದ ದಿನ, ಈ ಜೂನ್‌ನಲ್ಲಿ, ಬಿರಡೆ ತೆಗೆದೆವು. ಬಣ್ಣ ಗಾಢವಾಗಿತ್ತು. ಕೊಯ್ದಿಟ್ಟು ಕಪ್ಪಾದ ಸೇಬಿನ ವಾಸನೆ. ಉಪ್ಪೂ ಇಲ್ಲ, ನಿಂಬೆಯೂ ಇಲ್ಲ. ಅಂಗಡಿಯವರು ಮೋಸ ಮಾಡಿದರೇ? ಅಥವಾ ಅಲ್ಲಿ ಅನುಭವಿಸಿದ ರುಚಿ ಸಮುದ್ರ ನೋಡುತ್ತಿದ್ದ ಖುಷಿಯಷ್ಟೇ ಆಗಿತ್ತೇ? ಬಲ್ಲವರು ತಿಳಿಸಬೇಕು.

ಉತ್ತರ 1

ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದಿರಾ? ಅತಿ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ಇಂಥ ವೈನಿಗೆ 10ರಿಂದ 12 ಡಿಗ್ರಿ ಸರಿ. ಹೊರಗೆ ತೆಗೆದು ಕಾಲು ಗಂಟೆ ಬಿಟ್ಟು ನೋಡಬಹುದಿತ್ತು.

ಪ್ರಶ್ನೆ ಕೇಳಿದವರು

ಹಿಂದಿನ ರಾತ್ರಿಯಷ್ಟೇ ಫ್ರಿಜ್ಜಿಗೆ ಇಟ್ಟಿದ್ದೆ. ಅದಕ್ಕೂ ಮೊದಲು ಒಂಬತ್ತು ತಿಂಗಳು ಅಡುಗೆಮನೆಯ ಅಟ್ಟದಲ್ಲಿತ್ತು, ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲಿ.

ಉತ್ತರ 2

ಅಕ್ಕಾ, ಅಂಗಡಿಯವರ ತಪ್ಪೇನೂ ಇಲ್ಲ. ನಿಮ್ಮ ನಾಲಿಗೆಯದೂ ತಪ್ಪಿಲ್ಲ. ಮಾರ್ಚಿಯಿಂದ ಮೇ ತನಕ ಧಾರವಾಡದ ಬಿಸಿಲು, ಅದರ ಮೇಲೆ ಒಲೆಯ ಕಾವು. ಅಟ್ಟವೇ ಅದನ್ನು ಕೆಡಿಸಿದೆ. ಬಾಟಲಿಯೊಳಗಿನ ವೈನ್ ಕಾವಿಗೆ ಹಿಗ್ಗುತ್ತದೆ, ಬಿರಡೆಯ ಬಿಗಿ ಸಡಿಲವಾಗಿ ಗಾಳಿ ಸೇರುತ್ತದೆ. ನೀವು ಹೇಳಿದ ಸೇಬಿನ ವಾಸನೆಯೇ ಅದಕ್ಕೆ ಗುರುತು. ಈ ವೈನನ್ನು ವರ್ಷಗಟ್ಟಲೆ ಇಟ್ಟು ಮಾಗಿಸುವುದಿಲ್ಲ, ಹೊಸತರಲ್ಲಿಯೇ ಕುಡಿದು ಮುಗಿಸುತ್ತಾರೆ.

ನಾನು ಶಿರಸಿ ಕಡೆಯವನು. ಆ ಐದು ಊರುಗಳ ಹತ್ತಿರದ ಲಾ ಸ್ಪೆತ್ಸಿಯಾದಲ್ಲಿ ಮೂರು ವರ್ಷ ಕೆಲಸದಲ್ಲಿದ್ದೆ. ಒಂದು ಸೆಪ್ಟೆಂಬರ್‌ನಲ್ಲಿ ಪಕ್ಕದ ಮನೆಯ ಮುದುಕರು ದ್ರಾಕ್ಷಿ ಕೊಯ್ಲಿಗೆ ಮನರೋಲಾದ ಮೇಲಿನ ತಮ್ಮ ತುಂಡು ತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಳ್ಳಿಯ ಚಪ್ಪರ ಸೊಂಟದ ಎತ್ತರಕ್ಕೂ ಬರುವುದಿಲ್ಲ. ಸಮುದ್ರದ ಗಾಳಿಗೆ ಸಿಕ್ಕಿ ಹರಿಯದಿರಲೆಂದು ಅಷ್ಟು ಕೆಳಗೆ ಕಟ್ಟುತ್ತಾರೆ. ಚಪ್ಪರದ ಅಡಿಯಲ್ಲಿ ಮಂಡಿಯೂರಿ, ತಲೆ ಬಾಗಿಸಿ ಗೊನೆ ಕತ್ತರಿಸಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆನ್ನು ಸೆಟೆದುಹೋಗಿತ್ತು, ಅವರು ಎಪ್ಪತ್ತು ದಾಟಿದವರು ಇನ್ನೂ ಮುಂದಿನ ಸಾಲಿನಲ್ಲಿದ್ದರು. ಒಂದು ಹಣ್ಣು ಕಿತ್ತು ತೊಳೆಯದೆ ನೆಕ್ಕಲು ಹೇಳಿದರು. ಸಿಪ್ಪೆ ಉಪ್ಪುಪ್ಪಾಗಿತ್ತು! ನೈಋತ್ಯದಿಂದ ಬೀಸುವ ಲಿಬೆಚ್ಚೊ ಗಾಳಿ ಅಲೆಯ ತುಂತುರನ್ನು ತೋಟದ ಮೇಲೆ ಎರಚುತ್ತದೆ. ಹೆಚ್ಚಾದರೆ ಎಲೆ ಸುಟ್ಟುಹೋಗುತ್ತದೆ. ಲೋಟದಲ್ಲಿ ನಿಮಗೆ ಸಿಕ್ಕ ಉಪ್ಪಿಗೆ ಆ ವೈನಿನ ಮೊನಚು ಹುಳಿಯೂ ಕಾರಣ. ಹಣ್ಣಿನ ಪರಿಮಳ ಸತ್ತ ಮೇಲೆ ಆ ಉಪ್ಪು ನಾಲಿಗೆಗೆ ಮೊದಲಿನಂತೆ ಸಿಗುವುದಿಲ್ಲ.

ಬಾಟಲಿಯ ಮೇಲೆ 'ಚಿಂಕ್ವೆ ತೆರ್ರೆ' ಎಂದು ಬರೆಯಲು 1973ರಿಂದ ನಿಯಮವಿದೆ. ಬೊಸ್ಕೊ ಎಂಬ ದ್ರಾಕ್ಷಿ ಕನಿಷ್ಠ 40 ಶೇಕಡಾ ಇರಬೇಕು. ಅದರ ಜೊತೆಗೆ ಅಲ್ಬರೋಲಾ, ವೆರ್ಮೆಂತೀನೊ. ನಿಂಬೆಯ ಸಿಪ್ಪೆ ಎಂದಿರಲ್ಲ, ಅದು ಹೆಚ್ಚಾಗಿ ವೆರ್ಮೆಂತೀನೊ ಕೊಡುವ ವಾಸನೆ.

ಆ ಬೆಟ್ಟದ ಪಾಗಾರಗಳ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಅಡಿಕೆ ತೋಟದ ಸುತ್ತ ಪಾಗಾರ ಕಟ್ಟುವುದನ್ನು ನೋಡಿ ಬೆಳೆದವನು ನಾನು. ಆದರೂ ಅಲ್ಲಿ ಬಾಯಿ ಕಟ್ಟಿತು. ಗಾರೆ, ಸಿಮೆಂಟು ಯಾವುದೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಡಿದಾದ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಿದ್ದಾರೆ. ಮಳೆಯ ನೀರು ಸಂದಿಯಿಂದ ಸೋರಿ ಹೋಗುವುದರಿಂದಲೇ ಗೋಡೆ ಉಳಿಯುತ್ತದೆ. ಹೀಗೆ ಒಣಗಲ್ಲು ಕಟ್ಟುವ ಕಲೆಯನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಟ್ರ್ಯಾಕ್ಟರ್ ಅಲ್ಲಿ ಏರುವುದಿಲ್ಲ. ಕೊಯ್ದ ದ್ರಾಕ್ಷಿಯನ್ನು ಒಂದೇ ಕಂಬಿಯ ಮೇಲೆ ಹಲ್ಲುಚಕ್ರದಿಂದ ತೆವಳುವ ಪುಟ್ಟ ಬಂಡಿಯಲ್ಲಿ ಸಾಗಿಸುತ್ತಾರೆ, ಅದು ಇಲ್ಲದ ಕಡೆ ಹೆಗಲೇ ಗತಿ. ಮಕ್ಕಳು ಊರು ಬಿಟ್ಟ ಮನೆಗಳ ತೋಟಗಳು ಪೊದೆಯಾಗಿವೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸ, ಮೊಂತೆರೊಸ್ಸೊ ಊರುಗಳ ಬೀದಿಗಳು ಕೆಸರು, ಕಲ್ಲುಗಳಲ್ಲಿ ಹೂತುಹೋದವು. ಬಿದ್ದ ಪಾಗಾರವನ್ನು ಎತ್ತಿ ಕಟ್ಟುವವರಿಲ್ಲದ ಬೆಟ್ಟ ಹೇಗಿರುತ್ತದೆ ಎಂದು ನನ್ನ ಆ ಮುದುಕರು ಕೈ ಚಾಚಿ ತೋರಿಸಿದ್ದರು. ಬಾಟಲಿಗೆ ಬೆಲೆ ಹೆಚ್ಚೆಂದು ನಾನು ಮುಂದೆಂದೂ ಗೊಣಗಲಿಲ್ಲ.

ಉಳಿದಿರುವುದನ್ನು ಚೆಲ್ಲಬೇಡಿ, ಅಡುಗೆಗೆ ಆಗುತ್ತದೆ.

ಪ್ರಶ್ನೆ ಕೇಳಿದವರು

ಓದಿ ಮನಸ್ಸು ಹಗುರವಾಯಿತು. ಅಂಗಡಿಯವರನ್ನು ಸುಮ್ಮನೆ ಶಂಕಿಸಿದೆ. ದೀಪಾವಳಿಗೆ ಮಗ ಬರುತ್ತಾನೆ, ಇನ್ನೊಂದು ತರಲು ಹೇಳುತ್ತೇನೆ. ಅಂದು ಹೋಟೆಲಿನಲ್ಲಿ ವೈನಿನ ಜೊತೆ ಹಳದಿ ಬಣ್ಣದ, ತೆಳು ರೊಟ್ಟಿಯಂಥದ್ದು ಕೊಟ್ಟಿದ್ದರು, ಅಂಚು ಗರಿಗರಿ. ನಾವು ಮಾಂಸ, ಮೀನು ತಿನ್ನುವುದಿಲ್ಲವೆಂದಾಗ ತಂದದ್ದು. ಅದೇನು?

ಉತ್ತರ 3

ಅದು ಫರಿನಾತ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಅಲ್ಲಿ ಕಾಬೂಲಿ ಕಡಲೆಯ ಹಿಟ್ಟು ಬಳಸುತ್ತಾರೆ, ನಾನು ಬೆಂಗಳೂರಿನಲ್ಲಿ ನಮ್ಮ ಕಡಲೆಹಿಟ್ಟಿನಲ್ಲಿಯೇ ಮಾಡುತ್ತೇನೆ. ಒಂದು ಅಳತೆ ಹಿಟ್ಟಿಗೆ ತೂಕದಲ್ಲಿ ಮೂರು ಪಾಲು ನೀರು. ನಾಲ್ಕು ಗಂಟೆ ನೆನೆಯಲು ಬಿಟ್ಟು ಮೇಲಿನ ನೊರೆ ತೆಗೆಯಿರಿ. ಅಗಲವಾದ ತಟ್ಟೆಗೆ ಧಾರಾಳವಾಗಿ ಎಣ್ಣೆ ಸುರಿದು, ಹಿಟ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಓವನ್ನಿನ ಅತಿ ಹೆಚ್ಚಿನ ಕಾವಿನಲ್ಲಿ ಬೇಯಿಸಿ. ಮೇಲೆ ಕರಿಮೆಣಸಿನ ಪುಡಿ. ಅಲ್ಲಿಯ ಪೆಸ್ತೊ ಚಟ್ನಿಯನ್ನೂ ಹಚ್ಚಿಕೊಳ್ಳಬಹುದು, ಆದರೆ ಅದರಲ್ಲಿ ಹಾಕುವ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪು ಹಾಕಿರುತ್ತಾರೆ. ನೀವು ಸಸ್ಯಾಹಾರಿಗಳಾದ್ದರಿಂದ ಹೇಳಿದೆ.

ಉತ್ತರ 2

ಮಗನಿಗೆ ಒಂದು ಮಾತು ಹೇಳಿ ಅಕ್ಕಾ. ಸಾಧ್ಯವಾದರೆ ಶ್ಯಾಕೆತ್ರಾದ ಸಣ್ಣ ಬಾಟಲಿಯೊಂದನ್ನೂ ತರಲಿ. ಅದೇ ಬೆಟ್ಟದ ದ್ರಾಕ್ಷಿಯನ್ನು ನೆರಳಿನಲ್ಲಿ ನವೆಂಬರ್ ತನಕ ಒಣಗಿಸಿ ಹಿಂಡುವ ಸಿಹಿ ವೈನ್. ಜೇನಿನ ಬಣ್ಣ, ಒಣ ಏಪ್ರಿಕಾಟ್‌ನ ವಾಸನೆ. ವಿಮಾನದಲ್ಲಿ ಬರುವವರಿಗೆ ಎರಡು ಲೀಟರ್ ತನಕ ಸುಂಕವಿಲ್ಲ, ಎರಡೂ ಬಾಟಲಿ ಅದರೊಳಗೆ ಆಗುತ್ತವೆ. ಅಟ್ಟಕ್ಕೆ ಮಾತ್ರ ಹಾಕಬೇಡಿ. ಬಟ್ಟೆ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿ ಮಲಗಿಸಿಡಿ.